ಕೊಸರು, ಕೂಪನ್ನು, ಕಪ್ಪು ಗೆರೆಗಳು

ಬಿಸ್ಕತ್ತಿನ ಪೊಟ್ಟಣದ ಹಿಂಬದಿಯಲ್ಲಿ ಕಪ್ಪು ಗೆರೆಗಳ ಒಂದು ಸಣ್ಣ ಚೌಕ ಇರುತ್ತದಲ್ಲ, ಅದರಲ್ಲಿ ಬೆಲೆ ಇದೆಯೋ ಇಲ್ಲವೋ? ನಮ್ಮ ಬ್ರಾಂಚಿನಲ್ಲಿ ಒಮ್ಮೆ ಊಟದ ಹೊತ್ತಿಗೆ ಈ ಪ್ರಶ್ನೆ ಕೇಳಿದ್ದೆ. ದಿನವಿಡೀ ಅಂಕಿಗಳ ಜೊತೆ ಏಗುವ ಜನವೇ ಅಲ್ಲಿದ್ದದ್ದು. ಆದರೂ ಹೆಚ್ಚಿನವರು "ಇದ್ದೇ ಇರುತ್ತದೆ, ಇಲ್ಲದಿದ್ದರೆ ಮಶೀನಿಗೆ ಹೇಗೆ ಗೊತ್ತಾಗಬೇಕು?" ಎಂದರು.

ಇಲ್ಲ ಸ್ವಾಮಿ, ಬೆಲೆ ಅಲ್ಲಿ ಇಲ್ಲ. ಅಲ್ಲಿರುವುದು ಒಂದು ನಂಬರು ಮಾತ್ರ, ಚೆಕ್ಕಿನ ಮೇಲೆ ಖಾತೆ ನಂಬರು ಇದ್ದ ಹಾಗೆ. ಚೆಕ್ಕು ನೋಡಿ ಖಾತೆಯಲ್ಲಿ ಎಷ್ಟು ದುಡ್ಡಿದೆ ಎಂದು ಹೇಳಲಾಗುತ್ತದೆಯೇ? ಲೆಡ್ಜರ್ ತೆಗೆದು ನೋಡಬೇಕು. ಸೂಪರ್ ಮಾರ್ಕೆಟ್ಟಿನಲ್ಲಿ ಆ ಲೆಡ್ಜರ್ ಇರುವುದು ಅಂಗಡಿಯ ಕಂಪ್ಯೂಟರಿನೊಳಗೆ. "ಟೂಂಯ್" ಎಂದು ಸದ್ದಾದಾಗ ಮಶೀನು ನಂಬರು ಓದಿ, ಆ ಲೆಡ್ಜರಿನಲ್ಲಿ ಹುಡುಕಿ, ಬೆಲೆ ತಂದು ಬಿಲ್ಲಿನಲ್ಲಿ ಬರೆಯುತ್ತದೆ. ಎರಡು ಕೊಂಡರೆ ಒಂದು ಉಚಿತ, ಶುಕ್ರವಾರದಿಂದ ಭಾನುವಾರದವರೆಗೆ ಶೇಕಡಾ 20 ಕಡಿಮೆ, ಕಾರ್ಡ್ ಇದ್ದವರಿಗೆ ಬೇರೆ ದರ, ಎಲ್ಲವೂ ನಡೆಯುವುದು ಆ ಲೆಡ್ಜರಿನಲ್ಲಿ. ಬೆಲೆ ಸಾಮಾನಿನ ಮೈಮೇಲಿಂದ ಇಳಿದು ಅಂಗಡಿಯವನ ಪುಸ್ತಕಕ್ಕೆ ಹೋಗಿ ಕುಳಿತಿದ್ದರಿಂದಲೇ ಈ ತಾನೇತಾನಾಗಿ ಸಿಗುವ ರಿಯಾಯಿತಿ ಸಾಧ್ಯವಾಯಿತು. ಅದರ ಕಥೆ ದೊಡ್ಡದು. ಬಿ.ಕಾಂ. ಓದಿ ಈ ಮುಂಬಯಿಯಲ್ಲಿ ಮೂವತ್ತು ವರ್ಷ ಲೆಕ್ಕ ತಾಳೆ ನೋಡುತ್ತ ಕಳೆದ ನನಗೆ ಈ ಕಥೆಯಲ್ಲಿ ಕಾಣುವುದು ಒಂದೇ ಪ್ರಶ್ನೆ: ಪುಸ್ತಕ ಯಾರ ಕೈಯಲ್ಲಿದೆ?

ನಮ್ಮ ಕಡೆ ಸಂತೆಯಲ್ಲಿ ರಿಯಾಯಿತಿ ಎಂಬ ಶಬ್ದವೇ ಇರಲಿಲ್ಲ. ಇದ್ದದ್ದು ಕೊಸರು. ಬದನೆಕಾಯಿ ತೂಗಿದ ಮೇಲೆ ಮೇಲೊಂದು ಹಾಕಿದರೆ ಅದು ಕೊಸರು. ಹಾಕದಿದ್ದರೆ ನಮ್ಮ ಅವ್ವ ತಾನೇ ಒಂದು ಎತ್ತಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು, ಅದೂ ಕೊಸರೇ! ಅದಕ್ಕೆ ಲೆಕ್ಕವಿಲ್ಲ, ನಂಬರಿಲ್ಲ. ಆದರೆ ಕೊಡುವವನು, ಪಡೆಯುವವಳು ಇಬ್ಬರ ಕಣ್ಣೆದುರಿಗೇ ನಡೆಯುತ್ತಿತ್ತು. ಕಿರಾಣಿ ಅಂಗಡಿಯ ಉದ್ರಿ ವ್ಯವಹಾರದಲ್ಲೂ ಹಾಗೆಯೇ. ಅಂಗಡಿಯವನ ಖಾತೆ ಪುಸ್ತಕ ಒಂದು, ಮನೆಯಲ್ಲಿ ನಮ್ಮದೊಂದು ಸಣ್ಣ ನೋಟ್ ಬುಕ್ಕು. ತಿಂಗಳ ಮೊದಲ ವಾರ ಎರಡನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಿದರೆ ಮುಗಿಯಿತು. ಎರಡು ಪುಸ್ತಕ ಇದ್ದಲ್ಲಿ ಜಗಳ ಬೇಗ ಮುಗಿಯುತ್ತದೆ.

ಈಗ ಅಮೆರಿಕಕ್ಕೆ ಹೋಗೋಣ. ಈ ಗೆರೆಗಳ ಕಥೆ ಹುಟ್ಟಿದ್ದು ಅಲ್ಲಿಯೇ. ಓಹಾಯೊ ರಾಜ್ಯದ ಡೇಟನ್ ಎಂಬ ಊರಿನಲ್ಲಿ ಜೇಮ್ಸ್ ರಿಟಿ ಎಂಬ ಹೆಂಡದಂಗಡಿಯ ಮಾಲೀಕನಿದ್ದ. ವ್ಯಾಪಾರ ಜೋರು, ಆದರೆ ಸಂಜೆಗೆ ಗಲ್ಲಾಪೆಟ್ಟಿಗೆಯಲ್ಲಿ ದುಡ್ಡು ಕಡಿಮೆ. ಕೆಲಸದವರು ಕೈಚಳಕ ತೋರಿಸುತ್ತಿದ್ದರು. ತನ್ನ ಸಹೋದರನೊಂದಿಗೆ ಸೇರಿ ಅವನು ಒಂದು ಯಂತ್ರ ಮಾಡಿ 1879ರಲ್ಲಿ ಪೇಟೆಂಟ್ ಪಡೆದ. ಕೀಲಿ ಒತ್ತಿದರೆ ಮೊತ್ತ ಎಲ್ಲರಿಗೂ ಕಾಣುವಂತೆ ಮುಳ್ಳು ತಿರುಗುತ್ತಿತ್ತು. ಆ ಯಂತ್ರಕ್ಕೆ ಅವನು ಇಟ್ಟ ಹೆಸರಿನ ಅರ್ಥ "ಲಂಚ ಮುಟ್ಟದ ಕ್ಯಾಶಿಯರ್"! 1884ರಲ್ಲಿ ಜಾನ್ ಪ್ಯಾಟರ್ಸನ್ ಆ ಉದ್ಯಮವನ್ನು ಕೊಂಡು ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿ ಕಟ್ಟಿದ, ಅಂದರೆ ಎನ್.ಸಿ.ಆರ್. ಬ್ಯಾಂಕಿನವರಿಗೆ ಈ ಹೆಸರು ಹೊಸದಲ್ಲ, ಎಷ್ಟೋ ಎ.ಟಿ.ಎಂ.ಗಳ ಮೇಲೆ ಅದೇ ಇರುತ್ತದೆ. ಇಲ್ಲಿ ಒಂದು ಮಾತು ನೆನಪಿಡಿ: ಕ್ಯಾಶ್ ರಿಜಿಸ್ಟರ್ ಹುಟ್ಟಿದ್ದು ಮಾಲೀಕನ ಕಾವಲಿಗೆ, ಗಿರಾಕಿಯ ಕಾವಲಿಗಲ್ಲ.

ಅದೇ ಕಾಲಕ್ಕೆ ಇನ್ನೊಂದು ವಸ್ತು ಬಂತು, ಕೂಪನ್ನು. 1880ರ ದಶಕದ ಕೊನೆಗೆ ಅಟ್ಲಾಂಟಾದಲ್ಲಿ ಏಸಾ ಕ್ಯಾಂಡ್ಲರ್ ಕೋಕಾಕೋಲಾ ಪ್ರಚಾರಕ್ಕೆ ಚೀಟಿ ಹಂಚಲು ಶುರುಮಾಡಿದ. ಚೀಟಿ ತಂದರೆ ಒಂದು ಗ್ಲಾಸು ಉಚಿತ. ಮುಂದೆ ಸೋಪು, ಸೀರಿಯಲ್, ಕಾಫಿ ಕಂಪನಿಗಳೆಲ್ಲ ಪತ್ರಿಕೆಗಳಲ್ಲಿ ಕೂಪನ್ ಅಚ್ಚು ಹಾಕಿಸಿದವು. ಗೃಹಿಣಿಯರು ಕತ್ತರಿ ಹಿಡಿದು ಕತ್ತರಿಸಿ ಅಂಗಡಿಗೆ ಒಯ್ಯುವುದು. ಅಂಗಡಿಯವನು ರಿಯಾಯಿತಿ ಕೊಟ್ಟು, ಆ ಚೀಟಿಗಳನ್ನು ಕಂಪನಿಗೆ ಕಳಿಸಿ ದುಡ್ಡು ವಸೂಲು ಮಾಡುವುದು. ಚೀಟಿಗಳು ಎಷ್ಟು ಹೆಚ್ಚಾದವೆಂದರೆ 1957ರಲ್ಲಿ ನೀಲ್ಸನ್ ಕಂಪನಿ ಇದಕ್ಕೆಂದೇ ಒಂದು ಕ್ಲಿಯರಿಂಗ್ ಹೌಸ್ ತೆರೆಯಿತು. ನಮ್ಮ ಚೆಕ್ ಕ್ಲಿಯರಿಂಗ್ ಇದ್ದ ಹಾಗೆಯೇ! ತೊಂದರೆ ಎಂದರೆ ಕೌಂಟರಿನ ಹುಡುಗಿ ಗದ್ದಲದಲ್ಲಿ ಪ್ರತಿ ಚೀಟಿಯನ್ನೂ ಓದುವುದು ಹೇಗೆ? ಸೋಪು ಕೊಳ್ಳದೆ ಸೋಪಿನ ಕೂಪನ್ ಕೊಟ್ಟರೂ ನಡೆದುಹೋಗುತ್ತಿತ್ತು.

ಇನ್ನು ಗೆರೆಗಳು. 1948ರಲ್ಲಿ ಫಿಲಡೆಲ್ಫಿಯಾದ ಡ್ರೆಕ್ಸೆಲ್ ಸಂಸ್ಥೆಗೆ ಒಬ್ಬ ಕಿರಾಣಿ ಸರಪಳಿಯ ಮುಖ್ಯಸ್ಥ ಬಂದು, ಕೌಂಟರಿನಲ್ಲಿ ಸಾಮಾನಿನ ವಿವರವನ್ನು ತಾನಾಗಿ ಓದುವ ಉಪಾಯ ಕಂಡುಹಿಡಿಯಿರಿ ಎಂದು ಡೀನರನ್ನು ಕೇಳಿಕೊಂಡನಂತೆ. ಡೀನರು ಆಗುವುದಿಲ್ಲ ಎಂದರು. ಆ ಮಾತು ಕಿವಿಗೆ ಬಿದ್ದದ್ದು ಬರ್ನಾರ್ಡ್ ಸಿಲ್ವರ್ ಎಂಬ ವಿದ್ಯಾರ್ಥಿಗೆ. ಅವನು ಗೆಳೆಯ ನಾರ್ಮನ್ ಜೋಸೆಫ್ ವುಡ್‌ಲ್ಯಾಂಡಿಗೆ ಹೇಳಿದ. ವುಡ್‌ಲ್ಯಾಂಡ್ ಹುಡುಗನಾಗಿದ್ದಾಗ ಸ್ಕೌಟಿನಲ್ಲಿ ಮೋರ್ಸ್ ಕೋಡ್ ಕಲಿತವನು. ಮಯಾಮಿ ಬೀಚಿನ ಮರಳಿನಲ್ಲಿ ಕುಳಿತು ಚುಕ್ಕೆ, ಅಡ್ಡಗೆರೆಗಳ ಬಗ್ಗೆ ಯೋಚಿಸುತ್ತ ಬೆರಳುಗಳನ್ನು ಮರಳಿನಲ್ಲಿ ಎಳೆದಾಗ ದಪ್ಪ, ತೆಳ್ಳಗಿನ ಗೆರೆಗಳು ಹೊಳೆದವು ಎಂದು ಅವನೇ ಮುಂದೆ ಹೇಳಿಕೊಂಡಿದ್ದಾನೆ. 1952ರ ಅಕ್ಟೋಬರಿನಲ್ಲಿ ಇಬ್ಬರಿಗೂ ಪೇಟೆಂಟ್ ಸಿಕ್ಕಿತು.

ಆದರೆ ಓದುವ ಯಂತ್ರ? 500 ವಾಟಿನ ಬಲ್ಬು ಇಟ್ಟು ಮಾಡಿದ ಅವರ ಮೊದಲ ಮಾದರಿ ಮೇಜಿನಷ್ಟು ದೊಡ್ಡದಿತ್ತು, ಕಾಗದ ಬಿಸಿಗೆ ಹೊಗೆಯಾಡುತ್ತಿತ್ತಂತೆ. ಲೇಸರ್ ಹುಟ್ಟಿದ್ದೇ 1960ರಲ್ಲಿ. ಅಷ್ಟರಲ್ಲಿ ಕಾಯಲಾಗದೆ 1962ರಲ್ಲಿ ಪೇಟೆಂಟನ್ನು ಮಾರಿಬಿಟ್ಟರು. ಸಿಲ್ವರ್ 1963ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡ. ಮರಳಿನ ಮೇಲಿನ ಗೆರೆ ಅಂಗಡಿಗೆ ಬಂದದ್ದನ್ನು ಅವನು ನೋಡಲಿಲ್ಲ.

1970ರಲ್ಲಿ ಅಮೆರಿಕದ ಕಿರಾಣಿ ಉದ್ಯಮದವರು ಒಂದು ಸಮಿತಿ ಮಾಡಿದರು. ಒಂದೊಂದು ಅಂಗಡಿಗೆ ಒಂದೊಂದು ಸಂಕೇತ ಆದರೆ ಡಬ್ಬದ ಮೇಲೆ ಜಾಗವೇ ಸಾಲದಲ್ಲ! ಆರ್.ಸಿ.ಎ. ಕಂಪನಿ ದುಂಡಗಿನ ಗುರಿಹಲಗೆಯಂಥ ಚಿಹ್ನೆ ಮಾಡಿ 1972ರಲ್ಲಿ ಸಿನ್ಸಿನಾಟಿಯ ಅಂಗಡಿಯೊಂದರಲ್ಲಿ ಪರೀಕ್ಷಿಸಿತು. ಮುದ್ರಣದಲ್ಲಿ ಶಾಯಿ ಸ್ವಲ್ಪ ಹರಡಿದರೂ ಅದು ಕೆಡುತ್ತಿತ್ತು. ಐ.ಬಿ.ಎಂ.ನ ಜಾರ್ಜ್ ಲಾರರ್ ನೆಟ್ಟಗಿನ ಗೆರೆಗಳ ಚಿಹ್ನೆ ಮಾಡಿದರು. ವುಡ್‌ಲ್ಯಾಂಡ್ ಕೂಡ ಅಷ್ಟರಲ್ಲಿ ಐ.ಬಿ.ಎಂ.ನಲ್ಲೇ ಇದ್ದರು. 1973ರ ಏಪ್ರಿಲ್ 3ರಂದು ಸಮಿತಿ ಅದನ್ನೇ ಒಪ್ಪಿತು. ಅದೇ ಯು.ಪಿ.ಸಿ.

1974ರ ಜೂನ್ 26, ಬೆಳಿಗ್ಗೆ 8 ಗಂಟೆ 1 ನಿಮಿಷ. ಓಹಾಯೊದ ಟ್ರಾಯ್ ಎಂಬ ಊರಿನ ಮಾರ್ಷ್ ಸೂಪರ್ ಮಾರ್ಕೆಟ್. ಕ್ಯಾಶಿಯರ್ ಶರನ್ ಬುಕಾನನ್ ಒಂದು ರಿಗ್ಲಿ ಜ್ಯೂಸಿ ಫ್ರೂಟ್ ಚೂಯಿಂಗ್ ಗಮ್ ಪೊಟ್ಟಣವನ್ನು ಗಾಜಿನ ಮೇಲೆ ಎಳೆದರು. ಬಂದ ಬೆಲೆ 67 ಸೆಂಟ್. ಯು.ಪಿ.ಸಿ. ಗೆರೆ ಓದಿ ಬಿಲ್ ಆದ ಜಗತ್ತಿನ ಮೊದಲ ಸಾಮಾನು ಅದು. ಟ್ರಾಯ್ ಏಕೆ? ಎನ್.ಸಿ.ಆರ್.ನ ಡೇಟನ್ ಅಲ್ಲಿಂದ ಹತ್ತಿರ. ಹೆಂಡದಂಗಡಿಯ ರಿಟಿ ಗಲ್ಲಾಪೆಟ್ಟಿಗೆಗೆ ಕಾವಲು ಹಾಕಿದ ಊರಿನ ಮಗ್ಗುಲಲ್ಲೇ, ಸುಮಾರು 95 ವರ್ಷದ ಮೇಲೆ, ಗಲ್ಲಾಪೆಟ್ಟಿಗೆಗೆ ಕಣ್ಣು ಬಂತು.

ಈ ನಂಬರಿನ ಒಳಗುಟ್ಟು ಸ್ವಲ್ಪ ನೋಡೋಣ, ಬ್ಯಾಂಕಿನವನ ಚಾಳಿ ಬಿಡುವುದಿಲ್ಲ. ಅಮೆರಿಕದ ನಂಬರು 12 ಅಂಕಿ. 1977ರಲ್ಲಿ ಯುರೋಪಿನವರು 13 ಅಂಕಿಯದನ್ನು ತಂದರು, ನಮ್ಮದೂ ಅದೇ. ಕೊನೆಯ ಅಂಕಿ ಬರೀ ಕಾವಲುಗಾರ. ಉದಾಹರಣೆಗೆ 890123456789 ಎಂದು ಬರೆಯಿರಿ. ಬೆಸ ಸ್ಥಾನದ ಅಂಕಿಗಳ ಮೊತ್ತ 28. ಸಮ ಸ್ಥಾನದವುಗಳ ಮೊತ್ತ 34, ಅದರ ಮೂರು ಪಟ್ಟು 102. ಎರಡೂ ಸೇರಿ 130. ಮುಂದಿನ ಹತ್ತರ ಗುಣಕಕ್ಕೆ ಎಷ್ಟು ಕಡಿಮೆ? ಸೊನ್ನೆ. ಹಾಗಾಗಿ 13ನೆಯ ಅಂಕಿ 0. ನಡುವೆ ಒಂದು ಅಂಕಿ ತಪ್ಪಾಗಿ ಓದಿದರೂ ಲೆಕ್ಕ ಹತ್ತಕ್ಕೆ ಕೂಡುವುದಿಲ್ಲ, ಮಶೀನು ಒಪ್ಪುವುದಿಲ್ಲ. ಆದ್ದರಿಂದ ಗೆರೆ ಓದುವುದರಲ್ಲಿ ತಪ್ಪು ಬಲು ಅಪರೂಪ. ತಪ್ಪು ಆಗುವುದು ಆ ನಂಬರಿನ ಎದುರು ಕಂಪ್ಯೂಟರಿನಲ್ಲಿ ಬರೆದ ಬೆಲೆಯಲ್ಲಿ. ಆ ಬೆಲೆಗೆ ಇಂಥ ಕಾವಲುಗಾರನಿಲ್ಲ. (ಅಂದ ಹಾಗೆ, ಅಂಗಡಿಯವರೇ ತೂಗಿ ಚೀಟಿ ಅಂಟಿಸುವ ತರಕಾರಿ, ಗಿಣ್ಣು ಇವುಗಳ ಗೆರೆಯಲ್ಲಿ ತೂಕವೋ ಬೆಲೆಯೋ ಸೇರಿರುವುದುಂಟು, ಅದೊಂದು ಅಪವಾದ.)

ಕೂಪನ್ನಿಗೂ ಇದೇ ಗೆರೆ ಬಂತು. ಅಮೆರಿಕದ ಹಳೆಯ ಪದ್ಧತಿಯಲ್ಲಿ ನಂಬರು 5ರಿಂದ ಶುರುವಾದರೆ ಅದು ಕೂಪನ್ ಆಗಿತ್ತು. ನಂತರದ ಐದು ಅಂಕಿ ಕಂಪನಿಯದು, ಮೂರು ಅಂಕಿ ಸಾಮಾನಿನ ಕುಟುಂಬದ್ದು, ಎರಡು ಅಂಕಿ ರಿಯಾಯಿತಿಯದು, ಕೊನೆಯದು ಕಾವಲು. ಕೌಂಟರಿನಲ್ಲಿ ಕೂಪನ್ ಎಳೆದರೆ, ಆ ಕಂಪನಿಯ, ಆ ಕುಟುಂಬದ ಸಾಮಾನು ಇದೇ ಬಿಲ್ಲಿನಲ್ಲಿ ಇದೆಯೇ ಎಂದು ಮಶೀನು ನೋಡುತ್ತದೆ. ಇದ್ದರೆ ಕಳೆಯುತ್ತದೆ, ಇಲ್ಲದಿದ್ದರೆ ಇಲ್ಲ. ಚಾಲಾಕಿ ಜನ ಇಲ್ಲೂ ಸಂದಿ ಹುಡುಕಿದರು. ಮೂರೇ ಅಂಕಿಯ ಕುಟುಂಬ ಬಹಳ ದೊಡ್ಡದಲ್ಲವೇ, ದೊಡ್ಡ ಡಬ್ಬದ ಕೂಪನ್ನು ಸಣ್ಣ ಡಬ್ಬಕ್ಕೂ ನಡೆಯುತ್ತಿತ್ತು. 2010ರ ದಶಕದ ಆರಂಭದಲ್ಲಿ ಹೆಚ್ಚು ವಿವರ ಹಿಡಿಯುವ ಹೊಸ ಗೆರೆಗಳು ಬಂದವು. ಕಾಗದದ ಕೂಪನ್ನೂ ಇಲ್ಲದ "ಮೂರು ಕೊಂಡರೆ" ಯೋಜನೆ ಇನ್ನೂ ಸರಳ. ಕಂಪ್ಯೂಟರು ಎಣಿಸುತ್ತಿರುತ್ತದೆ, ಮೂರನೆಯದು ಬಂದ ಕೂಡಲೇ ಕಳೆಯುವ ಸಾಲೊಂದನ್ನು ತಾನೇ ಅಚ್ಚು ಮಾಡುತ್ತದೆ.

ಇಲ್ಲಿಯವರೆಗೆ ಎಲ್ಲ ಚೆನ್ನ. ಆದರೆ 1970ರ ದಶಕದಲ್ಲಿ ಅಮೆರಿಕದ ಗ್ರಾಹಕ ಸಂಘಟನೆಗಳು ಇದರ ವಿರುದ್ಧ ಎದ್ದು ನಿಂತವು. ಕಾರಣ? ಗೆರೆ ಬಂದರೆ ಪ್ರತಿ ಡಬ್ಬಕ್ಕೂ ಬೆಲೆಚೀಟಿ ಅಂಟಿಸುವ ಕೆಲಸ ಉಳಿಯುತ್ತದೆ ಎಂಬುದು ಅಂಗಡಿಯವರ ಲಾಭದ ಲೆಕ್ಕದಲ್ಲೇ ಇತ್ತು. ಬೆಲೆ ಶೆಲ್ಫಿನ ಪಟ್ಟಿಯ ಮೇಲೆ ಮಾತ್ರ ಇರುತ್ತದೆ. ಕೌಂಟರಿಗೆ ಬರುವ ಹೊತ್ತಿಗೆ ಅದು ನೆನಪಿರುತ್ತದೆಯೇ? ಮನೆಗೆ ಹೋದ ಮೇಲೆ ಡಬ್ಬ ನೋಡಿದರೆ ಅಲ್ಲಿ ಬೆಲೆಯೇ ಇಲ್ಲ. ಗಿರಾಕಿಯ ಕೈಯಲ್ಲಿದ್ದ ಎರಡನೆಯ ಪುಸ್ತಕ ಎಂದರೆ ಆ ಪುಟ್ಟ ಬೆಲೆಚೀಟಿ, ಅದನ್ನೇ ಕಿತ್ತುಕೊಂಡ ಹಾಗಾಯಿತು. ಮಿಶಿಗನ್ ರಾಜ್ಯ 1976ರಲ್ಲಿ ಕಾನೂನು ಮಾಡಿ ಪ್ರತಿ ವಸ್ತುವಿನ ಮೇಲೂ ಬೆಲೆ ಇರಲೇಬೇಕು ಎಂದಿತು. ಹೆಚ್ಚು ಹಣ ಪಡೆದರೆ ವ್ಯತ್ಯಾಸದ ಜೊತೆಗೆ ಅದರ ಹತ್ತು ಪಟ್ಟು ಗಿರಾಕಿಗೆ ಕೊಡಬೇಕು, ಕನಿಷ್ಠ 1 ಡಾಲರ್, ಗರಿಷ್ಠ 5 ಡಾಲರ್. 2011ರಲ್ಲಿ ಬೆಲೆಚೀಟಿಯ ನಿಯಮ ತೆಗೆದರು, ಆದರೆ ಹತ್ತು ಪಟ್ಟಿನ ನಿಯಮ ಉಳಿಸಿಕೊಂಡರು. ಬುದ್ಧಿವಂತರು!

ಭಯ ನಿಜವೋ ಸುಳ್ಳೋ? 1996ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಸುಮಾರು 17 ಸಾವಿರ ಸಾಮಾನುಗಳನ್ನು ಪರೀಕ್ಷಿಸಿದ ವರದಿ ಕೊಟ್ಟಿತು. ಸುಮಾರು ಶೇಕಡಾ 4.8ರಷ್ಟರಲ್ಲಿ ಬೆಲೆ ತಪ್ಪಿತ್ತು. ಆದರೆ ಕಡಿಮೆ ಹಾಕಿದ್ದು, ಹೆಚ್ಚು ಹಾಕಿದ್ದು ಹತ್ತಿರಹತ್ತಿರ ಸಮ, ಕಡಿಮೆ ಹಾಕಿದ್ದೇ ತುಸು ಹೆಚ್ಚು. ಅಂದರೆ ಮೋಸಕ್ಕಿಂತ ಅಜಾಗರೂಕತೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಪೋಸ್ಟಿಂಗ್ ತಪ್ಪು. ಶೆಲ್ಫಿಗೆ ಹೊಸ ಪಟ್ಟಿ ಹಾಕಿದರು, ಕಂಪ್ಯೂಟರಿಗೆ ಹಾಕಲು ಮರೆತರು. ಆದರೆ ಹೆಚ್ಚು ತೆತ್ತವನಿಗೆ ಸರಾಸರಿಯಿಂದ ಏನು ಸಮಾಧಾನ?

ಮುಂದಿನ ಹೆಜ್ಜೆ ಇನ್ನೂ ಸೂಕ್ಷ್ಮ. ಸಾಮಾನು ಗುರುತಿಸಲು ಕಲಿತ ಮಶೀನು ಮನುಷ್ಯನನ್ನು ಗುರುತಿಸಲು ಕಲಿಯಿತು. 1983ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಕ್ಯಾಟಲೀನಾ ಎಂಬ ಕಂಪನಿ, ನೀವು ಈಗ ಏನು ಕೊಂಡಿರೋ ಅದನ್ನು ನೋಡಿ ಕೌಂಟರಿನಲ್ಲೇ ಮುಂದಿನ ಸಲದ ಕೂಪನ್ ಅಚ್ಚು ಮಾಡಿ ಕೊಡುವ ವ್ಯವಸ್ಥೆ ತಂದಿತು. 1995ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಟೆಸ್ಕೊ ಕ್ಲಬ್‌ಕಾರ್ಡ್ ಶುರುಮಾಡಿತು. ಯಾರು, ಯಾವಾಗ, ಏನು ಕೊಂಡರು ಎಂಬ ಲೆಕ್ಕವೆಲ್ಲ ಪುಸ್ತಕಕ್ಕೆ. 2019ರಲ್ಲಿ ಟೆಸ್ಕೊ ಒಂದೇ ಡಬ್ಬಕ್ಕೆ ಶೆಲ್ಫಿನ ಮೇಲೆ ಎರಡು ಬೆಲೆ ಹಾಕಲು ತೊಡಗಿತು, ಕಾರ್ಡ್ ಇದ್ದವರಿಗೆ ಒಂದು, ಇಲ್ಲದವರಿಗೆ ಒಂದು. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಬಾನ್ ಮಾರ್ಶೆ, ಫಿಲಡೆಲ್ಫಿಯಾದ ವಾನಮೇಕರ್ ಮುಂತಾದ ಅಂಗಡಿಗಳು ಚೌಕಾಸಿ ನಿಲ್ಲಿಸಿ "ಎಲ್ಲರಿಗೂ ಒಂದೇ ಬೆಲೆ" ಎಂದಾಗ ಅದು ದೊಡ್ಡ ಸುಧಾರಣೆ. ಈಗ ಸುತ್ತಿ ಬಳಸಿ ಮತ್ತೆ ಆಳು ನೋಡಿ ಬೆಲೆ! ಈ "ಮೂಲ ಬೆಲೆ"ಗಳು ನಿಜವೇ ಎಂದು ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರ ಪರೀಕ್ಷಿಸಿ 2024ರ ನವೆಂಬರಿನಲ್ಲಿ ವರದಿ ಕೊಟ್ಟಿತು. ಸುಮಾರು 50 ಸಾವಿರ ಸಾಮಾನುಗಳಲ್ಲಿ ಶೇಕಡಾ 92ರಷ್ಟಕ್ಕೆ ರಿಯಾಯಿತಿ ನಿಜವಾದದ್ದೇ ಎಂದಿತು. ಒಳ್ಳೆಯದು. ಆದರೆ ಗಮನಿಸಿ, ಅದನ್ನು ತಿಳಿಯಲು ಒಂದು ಸರಕಾರಿ ಸಂಸ್ಥೆಯೇ ಲೆಕ್ಕ ತೆಗೆಯಬೇಕಾಯಿತು. ಚೀಲ ಹಿಡಿದ ಗಿರಾಕಿಗೆ ಅದು ಸಾಧ್ಯವಿರಲಿಲ್ಲ.

ನಮ್ಮ ದೇಶದ ಮಾತಿಗೆ ಬರೋಣ. ಇಲ್ಲಿ ನಮಗೊಂದು ಅದೃಷ್ಟ ಇದೆ, ಎಂ.ಆರ್.ಪಿ. ಪೊಟ್ಟಣದ ಸಾಮಾನಿನ ಮೇಲೆ ತೆರಿಗೆ ಎಲ್ಲ ಸೇರಿದ ಗರಿಷ್ಠ ಬೆಲೆ ಅಚ್ಚಾಗಿರಲೇಬೇಕು ಎಂಬ ನಿಯಮ 1990ರಲ್ಲಿ ಬಂತು. ಅಮೆರಿಕದವರು ಜಗಳವಾಡಿ ಪಡೆದ ಬೆಲೆಚೀಟಿ ನಮಗೆ ಕಾರ್ಖಾನೆಯಲ್ಲೇ ಅಂಟಿ ಬರುತ್ತದೆ. ಗೆರೆಗಳ ನಂಬರು ಕೊಡುವ ಸಂಸ್ಥೆ, ಈಗಿನ ಜಿ.ಎಸ್.1 ಇಂಡಿಯಾ, 1996ರಲ್ಲಿ ಶುರುವಾಯಿತು. ನಂಬರಿನ ಮೊದಲಿಗೆ 890 ಇದ್ದರೆ ಅದು ಇಲ್ಲಿಂದ ಕೊಟ್ಟ ನಂಬರು ಎಂದಷ್ಟೇ ಅರ್ಥ. ಸಾಮಾನು ಭಾರತದಲ್ಲೇ ತಯಾರಾದದ್ದು ಎಂದು ವಾಟ್ಸ್ಯಾಪಿನಲ್ಲಿ ತಿರುಗುವ ಮಾತು ಸರಿಯಲ್ಲ. 2002ರಲ್ಲಿ ಇಲ್ಲೇ ಪವಾಯಿಯಲ್ಲಿ ಡಿ-ಮಾರ್ಟಿನ ಮೊದಲ ಅಂಗಡಿ ತೆರೆಯಿತು. 2006ರ ಜನವರಿ 26ರಂದು ಬಿಗ್ ಬಜಾರಿನವರು "ಅತಿ ಅಗ್ಗದ ದಿನ" ಎಂದು ಘೋಷಿಸಿದಾಗ ಸೇರಿದ ಜನಜಂಗುಳಿ ನೆನಪಿರಬಹುದು. ಆ ಬಿಗ್ ಬಜಾರ್ 2022ಕ್ಕೆ ಮುಗಿದೇ ಹೋಯಿತು.

ಆದರೆ ಎಂ.ಆರ್.ಪಿ. ಮೇಲಿನ ಮಿತಿ ಮಾತ್ರ. ರಿಯಾಯಿತಿಯ ಬೆಲೆ ಪೊಟ್ಟಣದ ಮೇಲೆ ಇರುವುದಿಲ್ಲ. ಬಿಲ್ಲಿನ ತುದಿಯಲ್ಲಿ "ನೀವು ಇಂದು ಇಷ್ಟು ಉಳಿಸಿದ್ದೀರಿ" ಎಂದು ದಪ್ಪಕ್ಷರದಲ್ಲಿ ಬರುತ್ತದಲ್ಲ, ಅದು ಎಂ.ಆರ್.ಪಿ.ಯಿಂದ ಕಳೆದ ಲೆಕ್ಕ. ಪಕ್ಕದ ಕಿರಾಣಿಯವನೂ ಎಂ.ಆರ್.ಪಿ.ಗಿಂತ ಕಡಿಮೆಗೇ ಕೊಡುತ್ತಿದ್ದರೆ ಉಳಿದದ್ದು ಎಷ್ಟು? ಅದು ಬಿಲ್ಲಿನಲ್ಲಿ ಬರುವುದಿಲ್ಲ.

ಕೆಲವು ತಿಂಗಳ ಹಿಂದಿನ ಮಾತು. ನಮ್ಮ ಬಿಲ್ಡಿಂಗಿನ ಕಾಕಾ ಒಬ್ಬರು, ಪೆನ್ಶನ್ ಮೇಲೆ ಇರುವವರು, ವಿಜಾಪುರದ ಕಡೆಯವರು. ಹತ್ತಿರದ ಒಂದು ದೊಡ್ಡ ಅಂಗಡಿಯಲ್ಲಿ "ಎರಡು ಕೊಂಡರೆ ಶೇಕಡಾ 20 ಕಡಿಮೆ" ಎಂಬ ಪಟ್ಟಿ ನೋಡಿ, ಒಂದು ಸಾಕಾಗಿದ್ದ ಚಹಾಪುಡಿಯನ್ನು ಎರಡು ತಂದಿದ್ದರು. ಬಿಲ್ಲಿನಲ್ಲಿ ಒಂದು ಪೈಸೆಯೂ ಕಡಿಮೆಯಾಗಿರಲಿಲ್ಲ. "ಮತ್ತೊಮ್ಮೆ ಹೋಗಿ ಕೇಳೋಣ ಬರ್ರಿ ಕಾಕಾ" ಎಂದೆ. "ಅಲ್ಲೋ ತಮ್ಮಾ, ಮಶೀನು ಎಲ್ಲಿ ತಪ್ಪ ಮಾಡ್ತದ? ನಾನ ಬೋರ್ಡ್ ತಪ್ಪ ಓದಿರಬೇಕು" ಎಂದರು. ಒತ್ತಾಯ ಮಾಡಿ ಕರೆದುಕೊಂಡು ಹೋದೆ. ಬೋರ್ಡು ಹಾಗೆಯೇ ತೂಗುತ್ತಿತ್ತು. ಮ್ಯಾನೇಜರು ನೋಡಿ, "ಸಾಬ್, ಸಿಸ್ಟಮ್ ಮೇ ಅಪ್‌ಡೇಟ್ ನಹೀ ಹುವಾ" ಎಂದು ಮರುಮಾತಿಲ್ಲದೆ ದುಡ್ಡು ವಾಪಸು ಕೊಟ್ಟ. ಅವನ ಮೇಲೆ ನನಗೆ ಸಿಟ್ಟಿಲ್ಲ. ನನ್ನ ತಲೆ ಕೊರೆದದ್ದು ಬೇರೆ: ಆ ಬೆಳಿಗ್ಗೆಯಿಂದ ಎಷ್ಟು ಜನ ಹಾಗೇ ಕೊಟ್ಟು ಹೋಗಿರಬೇಕು? ಕಿರಾಣಿ ಅಂಗಡಿಯಲ್ಲಿ ಎಂಟಾಣೆಗೂ ವಾದ ಹಾಕುತ್ತಿದ್ದ ಕಾಕಾ, ಮಶೀನಿನ ಮುಂದೆ ತಮ್ಮ ಕಣ್ಣನ್ನೇ ನಂಬಲಿಲ್ಲವಲ್ಲ.

ನಾನು ಬ್ಯಾಂಕಿಗೆ ಸೇರಿದ ಹೊಸದರಲ್ಲಿ ಲೆಡ್ಜರಿನಿಂದ ಕಂಪ್ಯೂಟರಿಗೆ ಬದಲಾಗುವ ಕಾಲ. ಕಂಪ್ಯೂಟರ್ ಬಂತೆಂದು ಪಾಸ್‌ಬುಕ್ ತೆಗೆಯಲಿಲ್ಲ. ಅದು ಗಿರಾಕಿಯ ಪುಸ್ತಕ. ನಮ್ಮ ಲೆಕ್ಕ ಎಷ್ಟೇ ಸರಿ ಇರಲಿ, ಅವನ ಕೈಯಲ್ಲಿ ಒಂದು ಪ್ರತಿ ಇರಲೇಬೇಕು ಎಂಬುದು ಬ್ಯಾಂಕಿಂಗಿನ ಹಳೆಯ ಧರ್ಮ. ಸೂಪರ್ ಮಾರ್ಕೆಟ್ಟಿಗೆ ಅಂಥ ಪಾಸ್‌ಬುಕ್ ಇಲ್ಲ, ಇರುವುದು ಆ ಉದ್ದನೆಯ ಬಿಲ್ಲು ಮತ್ತು ನಮ್ಮ ಕಣ್ಣು. ಬಾರ್ ಕೋಡು ಒಳ್ಳೆಯ ಸಾಧನ, ಸಾಲು ಬೇಗ ಕರಗುತ್ತದೆ, ಕ್ಯಾಶಿಯರ್ ಹುಡುಗಿಯ ಬೆರಳಿಗೆ ವಿಶ್ರಾಂತಿ, ನಮಗೂ ನಾಲ್ಕು ಕಾಸು ಉಳಿಯುತ್ತದೆ. ಬೇಡ ಎನ್ನುವವನು ನಾನಲ್ಲ. ಆದರೆ ರಿಯಾಯಿತಿಯ ಆಸೆಗೆ ಕೊಂಡ ಸಾಮಾನಿನ ಬೋರ್ಡಿನ ಫೋಟೋ ಮೊಬೈಲಿನಲ್ಲಿ ಒಂದು ಹೊಡೆದುಕೊಳ್ಳಿ, ಬಾಗಿಲು ದಾಟುವ ಮೊದಲು ಬಿಲ್ಲಿನ ಆ ಸಾಲು ಹುಡುಕಿ ನೋಡಿ. ಅದೇ ನಿಮ್ಮ ಎರಡನೆಯ ಪುಸ್ತಕ. ಮತ್ತೆ, ನಿಮ್ಮ ಬಿಲ್ಡಿಂಗಿನಲ್ಲೂ ಇಂಥ ಒಬ್ಬರು ಕಾಕಾ, ಕಾಕು ಇದ್ದೇ ಇರುತ್ತಾರೆ. ಅವರ ಬಿಲ್ಲನ್ನೂ ಒಮ್ಮೆ ನೋಡಿಕೊಡಿ.